ಅತ್ತೆ ಹೊಗಳಿದ ಹದಿನೆಂಟು ದಿನ

ಸುಗ್ಗಿ ಹುಣ್ಣಿಮೆಯ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಟ್ಟು, ಬಂದ ನೆಂಟರನ್ನು ಬಸ್ಸು ಹತ್ತಿಸಿ, ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಸಂಜೆ ಯೊನ್ಹ್ವಾ ಹಿಂದಿನ ಕೋಣೆಗೆ ಹೋಗಿ ಮಲಗಿದಳು. ಮಲಗಿದವಳು ಏಳಲಿಲ್ಲ. ಒಂದು ವಾರ ಕಳೆಯಿತು, ಭತ್ತದ ಕೊಯ್ಲು ಮುಗಿಯಿತು, ಗೆಣಸು ಅಗೆದು ಕೊಟ್ಟಿಗೆ ತುಂಬಿದ್ದೂ ಆಯಿತು. ಆ ಕೋಣೆಯ ಬಾಗಿಲು ಮಾತ್ರ ಅರ್ಧ ತೆರೆದದ್ದು ಅರ್ಧವಾಗಿಯೇ ಉಳಿಯಿತು.

ಅತ್ತೆ ಓಕ್‌ಬುನ್ ದಿನಾ ಬೆಳಿಗ್ಗೆ ಗಿಡ್ಡ ಕಾಲಿನ ಊಟದ ಮಣೆಯ ಮೇಲೆ ಅನ್ನದ ಗಂಜಿ, ಒಂದು ಬಟ್ಟಲು ಉಪ್ಪುಹಾಕಿದ ಮೂಲಂಗಿ, ಎಳ್ಳೆಣ್ಣೆ ಬೆರೆಸಿದ ಸೋಯಾ ರಸ ಇಟ್ಟುಕೊಂಡು ಒಳಗೆ ಹೋಗುತ್ತಿದ್ದಳು. ಮಧ್ಯಾಹ್ನ ಅದೇ ಮಣೆಯನ್ನು ಹೊತ್ತುಕೊಂಡು ಬರುತ್ತಿದ್ದಳು. ಗಂಜಿಯ ಮೇಲೆ ಕೆನೆ ಕಟ್ಟಿರುತ್ತಿತ್ತು. ಎಪ್ಪತ್ತೆರಡು ವರ್ಷದ ಮೊಣಕಾಲು ಹೊಸ್ತಿಲು ದಾಟುವಾಗ ಪ್ರತಿ ಸಲವೂ ಲಟಕ್ಕೆನ್ನುತ್ತಿತ್ತು.

"ಎರಡು ಚಮಚ ಆದ್ರೂ ತಿನ್ನಬಾರ್ದಾ? ಯಾರ ಮೇಲೆ ಸಿಟ್ಟು ನಿಂಗೆ?"

"ಯಾರ ಮೇಲೂ ಇಲ್ಲ ಅತ್ತೆ."

"ಮತ್ತೆ?"

"ಏಳಕ್ಕಾಗ್ತಿಲ್ಲ."

"ಏಳಕ್ಕಾಗಲ್ಲ ಅಂದ್ರೆ ಏನಮ್ಮ? ಕೈಕಾಲೆಲ್ಲ ನೆಟ್ಟಗಿದಾವಲ್ಲ."

ಯೊನ್ಹ್ವಾ ಗೋಡೆಯ ಕಡೆ ತಿರುಗಿದಳು. ಕಡಲಾಚೆ ಎದುರಿಗಿರುವ ದ್ವೀಪದಿಂದ ಮದುವೆಯಾಗಿ ಬಂದು ಹದಿನೈದು ವರ್ಷವಾದ ಆ ಸೊಸೆಯ ಬೆನ್ನು ಇಷ್ಟು ಸಣ್ಣದು ಎಂದು ಓಕ್‌ಬುನ್‌ಗೆ ಗೊತ್ತೇ ಇರಲಿಲ್ಲ. ಆ ಬೆನ್ನು ಯಾವಾಗಲೂ ಯಾವುದಾದರೊಂದು ಕೆಲಸದ ಮೇಲೆ ಬಾಗಿರುತ್ತಿತ್ತು.

ಮನಸ್ಸಿನ ಕಾಯಿಲೆಗಳ ವಿಷಯ ಓಕ್‌ಬುನ್‌ಗೆ ತಿಳಿಯದ್ದೇನಲ್ಲ. ಹೇನಾಮ್ ಸೀಮೆಯ ಕಡಲ ಕಡೆಯ ಆ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಬೆರಳು ಮಡಿಸಿ ಹೇಳುತ್ತಿದ್ದರು. ಗಂಡನೋ ಅತ್ತೆಯೋ ಆಡಿದ ಮಾತನ್ನು ನುಂಗಿ ನುಂಗಿ ಎದೆಯ ಕೆಳಗೆ ಗಂಟು ಕಟ್ಟಿ, ಅಲ್ಲಿಂದ ಉರಿ ಏರುವುದು ಕಿಚ್ಚಿನ ರೋಗ. ಅದು ಊರಿನ ಅರ್ಧ ಹೆಂಗಸರಿಗೆ ಇತ್ತು, ಓಕ್‌ಬುನ್‌ಗೂ ಇತ್ತು, ಹಾಗಾಗಿ ಅದು ಮರ್ಯಾದಸ್ಥರ ರೋಗ. ದೇವರು ಮೈಮೇಲೆ ಬರಲು ಕಾಯುತ್ತ ಹಿಂಡಿ ಹಿಪ್ಪೆ ಮಾಡುವುದು ದೇವರ ರೋಗ. ಅದಕ್ಕೆ ಮಣಿದು ಡೋಲು ಬಡಿಸಿ ಪೂಜಾರಿಣಿಯಾಗದೆ ಬಿಡುಗಡೆಯಿಲ್ಲ. ಮುದುಕರಿಗೆ ತಮ್ಮ ಮನೆಯೇ ಮರೆಯುವುದು ಮರೆವಿನ ರೋಗ. ಸಂತೆಯಲ್ಲಿ ಬರಿಗಾಲಲ್ಲಿ ತಿರುಗುವುದು ಹುಚ್ಚು. ಇತ್ತೀಚೆಗೆ ಟಿವಿಯವರು ಇನ್ನೊಂದನ್ನು ತಂದಿದ್ದರು, ಖಿನ್ನತೆ ಎಂದು. ಮನಸ್ಸಿಗೆ ಆಗುವ ನೆಗಡಿಯಂತೆ ಅದು. ಹೆಸರು ಯಾವುದೇ ಇರಲಿ, ಊರಿನ ಲೆಕ್ಕ ಒಂದೇ ಆಗಿತ್ತು: ಮಲಗಿದವರು ರೋಗಿಗಳು, ಎದ್ದು ಕೆಲಸಕ್ಕೆ ನಿಂತರೆ ವಾಸಿಯಾಯಿತು.

ಸಂಜೆ ಊಟಕ್ಕೆ ಎಂದಿನ ಹಾಗೆ ಮೂರು ಜನ ಕೂತರು. ಓಕ್‌ಬುನ್, ಮಗ ತೇಗ್ಯು, ಹದಿನಾಲ್ಕು ವರ್ಷದ ಮೊಮ್ಮಗಳು ಬೋರಾ. ಒಣಗಿಸಿದ ಮೂಲಂಗಿ ಸೊಪ್ಪಿನ ಸಾರು ನಡುವೆ ಹಬೆಯಾಡುತ್ತಿತ್ತು.

"ನಾಳೆ ಪೇಟೆಗೆ ಕರ್ಕೊಂಡ್ ಹೋಗ್ತೀನಿ. ಮನಸ್ಸಿನ ಡಾಕ್ಟ್ರು ಇದಾರೆ," ಎಂದ ತೇಗ್ಯು.

"ಊರೋರು ನೋಡಿದ್ರೆ?"

"ನೋಡ್ಲಿ ಬಿಡಮ್ಮ."

"ನೋಡ್ಲಿ ಅಂತೀಯ. ನಾಳೆ ಬೋರಾ ಮದ್ವೆ ಮಾತು ಬಂದಾಗ ಯಾರು ಉತ್ರ ಕೊಡ್ತಾರೆ?"

"ನಂಗೆ ಹದಿನಾಲ್ಕು ಅಜ್ಜಿ," ಎಂದಳು ಬೋರಾ ಅನ್ನದ ಬಟ್ಟಲಿನಿಂದ ಮುಖ ಎತ್ತದೆ. "ಮದ್ವೆ ಮಾತು ಬರೋಷ್ಟ್ರಲ್ಲಿ ಅಮ್ಮ ಎದ್ದಿರ್ತಾಳೆ, ನೀನು ಮಲಗಿರ್ತೀಯ."

"ಬಾಯಿ ನೋಡು ಇವಳದ್ದು." ಓಕ್‌ಬುನ್ ತನ್ನ ಬಟ್ಟಲಿನ ಮೀನಿನ ತುಂಡನ್ನು ಎತ್ತಿ ಮೊಮ್ಮಗಳ ಅನ್ನದ ಮೇಲೆ ಇಟ್ಟಳು. "ಸರಿ, ನಾನೂ ಬರ್ತೀನಿ. ಅವಳು ಬಾಯಿ ಬಿಡಲ್ಲ, ನೀನೊಬ್ಬ ಮೂಕಬಸವ. ಯಾರಾದ್ರೂ ಮಾತಾಡಬೇಕಲ್ಲ."

ಹಾಗೆ ಮಾತಾಡುವ ಕೆಲಸವನ್ನು ಓಕ್‌ಬುನ್ ತಾನೇ ಹೊತ್ತುಕೊಂಡಳು. ಪೇಟೆಯ ವೈದ್ಯ ನಿಧಾನಸ್ಥ. ಊಟ, ನಿದ್ದೆ, ಸಾಯಬೇಕೆನ್ನಿಸುತ್ತದೆಯೇ ಎಂಬುದನ್ನೆಲ್ಲ ಕೇಳಿದ. ಯೊನ್ಹ್ವಾ ತಲೆಯಾಡಿಸಿ ಉತ್ತರ ಕೊಟ್ಟಳು. ಕೊನೆಗೆ ಕೇಳಿದ: "ಹಿಂದೆ ಯಾವಾಗ್ಲಾದ್ರೂ ಇದಕ್ಕೆ ಉಲ್ಟಾ ಆಗಿತ್ತಾ? ದಿನಗಟ್ಲೆ ನಿದ್ದೆ ಇಲ್ದಿದ್ರೂ ಸುಸ್ತಿಲ್ಲ, ಮಾತು ಜಾಸ್ತಿ, ಮೈಯಲ್ಲಿ ಇಲ್ಲದ ಹುರುಪು?"

ಯೊನ್ಹ್ವಾ ಅತ್ತೆಯ ಮುಖ ನೋಡಿದಳು. ಓಕ್‌ಬುನ್ ಥಟ್ಟನೆ ಹೇಳಿದಳು: "ಇಲ್ಲಪ್ಪ. ನಮ್ಮ ಸೊಸೆ ಅಂಥೋಳಲ್ಲ. ಕೆಲಸದ ಕಾಲ್ದಲ್ಲಿ ಕೆಲಸ ಮಾಡ್ತಾಳೆ, ಅಷ್ಟೇ."

ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲಿಲ್ಲ. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು. ವೈದ್ಯ ಖಿನ್ನತೆಗೆ ಮಾತ್ರೆ ಬರೆದು, ಎರಡು ವಾರ ಬಿಟ್ಟು ತಪ್ಪದೆ ಬನ್ನಿ ಎಂದ.

ಮಾತ್ರೆ ಶುರುವಾದ ಹತ್ತನೆಯ ದಿನ ಬೆಳಗಿನ ಜಾವದಲ್ಲಿ ಓಕ್‌ಬುನ್ ಕಣ್ಣು ಬಿಟ್ಟಾಗ ಮನೆಯಲ್ಲಿ ಎಳ್ಳೆಣ್ಣೆಯ ಪರಿಮಳ ತುಂಬಿತ್ತು. ಅಡುಗೆ ಕೋಣೆಯಲ್ಲಿ ಯೊನ್ಹ್ವಾ ನಿಂತಿದ್ದಳು. ಕಪ್ಪೆಚಿಪ್ಪಿನ ಸಾರು ಕುದಿಯುತ್ತಿತ್ತು, ಕಡಲಪಾಚಿಯ ಹಾಳೆಗಳು ಕೆಂಡದ ಮೇಲೆ ಸುಟ್ಟು ಅಟ್ಟಿಯಾಗಿದ್ದವು, ಗೆಣಸು ಬೆಂದಿತ್ತು, ನೆಲ ಒರೆಸಿ ಹೊಳೆಯುತ್ತಿತ್ತು.

"ಏಳಿ ಅತ್ತೆ, ಬಿಸಿ ಇದ್ದಾಗ್ಲೇ ತಿನ್ನಿ. ಹೊಲಕ್ಕೆ ಹೋಗಿ ನೋಡ್ಕೊಂಡ್ ಬಂದೆ. ಕೋಸು ಗಟ್ಟಿಯಾಗಿ ಸುತ್ಕೊಂಡಿದೆ. ಇವತ್ತಿಂದಾನೇ ಕಡಿಯೋಣ."

ಓಕ್‌ಬುನ್ ಅಂದು ಮಧ್ಯಾಹ್ನ ಗುಡ್ಡದ ಮೇಲಿನ ಬೌದ್ಧ ಗುಡಿಗೆ ಹತ್ತಿದಳು. ಕರುಣೆಯ ಬೋಧಿಸತ್ವನ ಮುಂದೆ ನೂರೆಂಟು ಸಲ ಅಡ್ಡಬಿದ್ದಳು. ಮೊಣಕಾಲು ನೂರೆಂಟು ಸಲವೂ ಲಟಕ್ಕೆಂದಿತು. ಒಂದೊಂದು ನಮಸ್ಕಾರಕ್ಕೂ ಒಂದೇ ಮಾತು: ಎದ್ದಳಲ್ಲ ತಂದೆ, ಎದ್ದಳಲ್ಲ.

ಇಳಿದು ಬರುವಾಗ ಹಿತ್ತಲ ಮನೆಯ ಗಪ್ಸುನ್ ಸಿಕ್ಕಳು. ಗಪ್ಸುನ್ ವಿಧವೆ, ಊರಿನ ಸುದ್ದಿಗೆಲ್ಲ ಅವಳೇ ಕಣಜ.

"ಸೊಸೆ ಎದ್ಲಂತಲ್ಲ ಓಕ್‌ಬುನಕ್ಕ."

"ಎದ್ಲು ಕಣೇ. ಬೆಳಗ್ಗೆಯಿಂದ ಇನ್ನೂರು ಕೋಸು ಕಡಿದ್ಲು. ಮೂರು ವರ್ಷದ ಹಿಂದೆ ಮಾಡಿದ್ಲಲ್ಲ, ನೆನಪಿದೆಯಾ? ಅದೇ ಕೈ, ಅದೇ ಕಾಲು."

ಆ ಮೂರು ವರ್ಷದ ಹಿಂದಿನದನ್ನು ಊರಿನಲ್ಲಿ ಯಾರೂ ಮರೆತಿರಲಿಲ್ಲ, ಯಾಕೆಂದರೆ ಓಕ್‌ಬುನ್ ಯಾರಿಗೂ ಮರೆಯಲು ಬಿಟ್ಟಿರಲಿಲ್ಲ. ಚಳಿಗೆ ಮುಂಚೆ ದೇಶವೆಲ್ಲ ಉಪ್ಪಿನ ಕೋಸಿಗೆ ಖಾರ ಹಚ್ಚಿ ಕಿಮ್ಚಿ ಹಾಕಿಡುವ ಕಾಲ. ಊರವರು ಕೋಸನ್ನು ಹೊಲದಿಂದ ತಂದು, ಎರಡಾಗಿ ಸೀಳಿ, ಕಡಲುಪ್ಪಿನ ನೀರಿನಲ್ಲಿ ಅದ್ದಿ, ಹೊತ್ತಿಗೆ ಸರಿಯಾಗಿ ಮಗುಚಿ, ಮೂರು ನೀರಲ್ಲಿ ತೊಳೆದು ಪೆಟ್ಟಿಗೆಗೆ ತುಂಬಿ ಪಟ್ಟಣದ ಮನೆಗಳಿಗೆ ಕಳಿಸುತ್ತಾರೆ. ಪಟ್ಟಣದವರು ಮಸಾಲೆ ಹಚ್ಚಿಕೊಂಡರೆ ಮುಗಿಯಿತು. ಆ ವರ್ಷ ಕೂಲಿಯವರು ಕೈಕೊಟ್ಟಾಗ ಯೊನ್ಹ್ವಾ ಹದಿನೆಂಟು ದಿನ ಒಬ್ಬಳೇ ತೊಟ್ಟಿಯ ಪಕ್ಕದಲ್ಲಿ ನಿಂತಿದ್ದಳು. ಯಾವಾಗ ಮಲಗುತ್ತಾಳೆ, ಯಾವಾಗ ಏಳುತ್ತಾಳೆ ಗೊತ್ತಾಗಲಿಲ್ಲ. ಕೆಲಸದ ನಡುವೆ ಕೊಟ್ಟಿಗೆಗೆ ನೀಲಿ ಬಣ್ಣವನ್ನೂ ಬಳಿದಳು. ಊರ ಹಿರಿಯರ ಕೋಣೆಯಲ್ಲಿ ಎಲ್ಲರೂ ಕೂತಿದ್ದಾಗ ಓಕ್‌ಬುನ್ ಹೇಳಿದಳು: "ಇಂಥ ಸೊಸೆ ಏಳೂರು ಹುಡುಕಿದ್ರೂ ಸಿಗಲ್ಲ." ಆಗ ಗೆಣಸಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಯೊನ್ಹ್ವಾ ಅದನ್ನು ಕೇಳಿಸಿಕೊಂಡಳು. ಆ ಮನೆಯಲ್ಲಿ ಅವಳ ಬಗ್ಗೆ ಬಂದ ಹೊಗಳಿಕೆ ಅದೊಂದೇ. ಕೋಸಿನ ಕಾಲ ಮುಗಿದ ಮೇಲೆ ಅವಳು ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ದಣಿವು ಎಂದರು.

ಈ ಸಲವೂ ಮನೆ ತುಂಬ ಚಟುವಟಿಕೆ. ಎರಡು ವಾರವಾದಾಗ ವೈದ್ಯನ ನೆನಪು ತೇಗ್ಯುವಿಗೆ ಬಂತು.

"ಹೋಗ್ಬೇಕಾ ಅಮ್ಮ?"

"ಎದ್ದು ಓಡಾಡೋಳನ್ನ ಯಾಕೆ ಆಸ್ಪತ್ರೆಗೆ ಎಳ್ಕೊಂಡ್ ಹೋಗ್ತೀಯ? ಕೋಸಿನ ಕಾಲ. ಮಾತ್ರೆ ನುಂಗ್ತಿದಾಳಲ್ಲ, ಸಾಕು."

ಮೊದಲು ತಕರಾರು ಎತ್ತಿದವಳು ಬೋರಾ. ಶಾಲೆಯಿಂದ ಬಂದವಳು ಚೀಲವನ್ನು ಜಗುಲಿಯ ಮೇಲೆ ಎಸೆದು, ಅಜ್ಜಿ ಬೆಳ್ಳುಳ್ಳಿ ಬಿಡಿಸುವಲ್ಲಿಗೆ ಬಂದು ಕೂತಳು.

"ಅಜ್ಜಿ, ಅಮ್ಮ ಇವತ್ತು ನಂಗೆ ಅರವತ್ತೆರಡು ಮೆಸೇಜ್ ಕಳಿಸಿದಾಳೆ."

"ಏನಂತೆ?"

"ಒಂದ್ರಲ್ಲಿ ಕೋಸಿನ ಫ್ಯಾಕ್ಟ್ರಿ ಕಟ್ತೀವಂತೆ. ಇನ್ನೊಂದ್ರಲ್ಲಿ ನನ್ನ ಪ್ಯಾರಿಸ್‌ಗೆ ಓದೋಕೆ ಕಳಿಸ್ತಾಳಂತೆ. ಆಮೇಲೆ ಇಪ್ಪತ್ತು ಬರೀ ಹೂವಿನ ಚಿತ್ರ. ಅಜ್ಜಿ, ಅವಳು ನಿದ್ದೆ ಮಾಡ್ತಿಲ್ಲ."

"ಕೋಸಿನ ಕಾಲ್ದಲ್ಲಿ ಯಾರೇ ನಿದ್ದೆ ಮಾಡ್ತಾರೆ?"

"ನೀನು ಮಾಡ್ತೀಯ. ಗೊರಕೆ ನಂಗೆ ಕೇಳಿಸತ್ತೆ."

"ಬೆಳ್ಳುಳ್ಳಿ ಬಿಡಿಸು ಸುಮ್ನೆ."

ಬೋರಾ ಒಂದು ಗಡ್ಡೆ ಎತ್ತಿಕೊಂಡಳು. ಅದನ್ನು ಬಿಡಿಸುತ್ತಲೇ ಹೇಳಿದಳು. "ಮಲಗಿದಾಗ ಎಲ್ರೂ ಅವಳ ಸುತ್ತ ಇದ್ರಿ. ಈಗ ಯಾರೂ ಅವಳ ಮುಖಾನೇ ನೋಡ್ತಿಲ್ಲ. ಕೈ ಮಾತ್ರ ನೋಡ್ತಿದೀರ."

ಓಕ್‌ಬುನ್‌ಗೆ ಸಿಟ್ಟು ಬಂತು. ಆದರೂ ಅಂದು ಸಂಜೆ ಊಟದ ಹೊತ್ತಿಗೆ ಅವಳು ಸೊಸೆಯ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಈಗಷ್ಟೇ ತೊಳೆದ ಗಾಜಿನ ಹಾಗೆ. ಅಡುಗೆ ಕೋಣೆಯ ಬಾಗಿಲಲ್ಲಿ ಬಟ್ಟಲು ಹಿಡಿದು ಕೂತ ಯೊನ್ಹ್ವಾ ಅನ್ನ ಬಾಯಿಗಿಡುತ್ತಿರಲಿಲ್ಲ. ಚಾಪ್‌ಸ್ಟಿಕ್ಕಿನಿಂದ ಗಾಳಿಯಲ್ಲಿ ಫ್ಯಾಕ್ಟರಿಯ ಗೋಡೆ ಎಳೆಯುತ್ತಿದ್ದಳು. ಇಲ್ಲಿ ತೊಟ್ಟಿ, ಇಲ್ಲಿ ಲಾರಿ, ಇಲ್ಲಿ ಅತ್ತೆಗೆ ಕೂರಲು ಅಡಿಯಿಂದ ಕಾಯಿಸಿದ ಬಿಸಿ ನೆಲದ ಕೋಣೆ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಹೆಗಲ ಮೇಲೆ ಹತ್ತುತ್ತಿತ್ತು. ತೇಗ್ಯು ನಗಲು ನೋಡಿದ, ಆಗಲಿಲ್ಲ.

ಮೂರನೆಯ ವಾರ ಕೊರಿಯರ್ ಲಾರಿಯವನು ಅಂಗಳಕ್ಕೆ ಬಂದು ವಿಳಾಸದ ಚೀಟಿಗಳ ದಪ್ಪ ಕಟ್ಟನ್ನು ತೇಗ್ಯುವಿನ ಕೈಗಿಟ್ಟ.

"ಎರಡು ಸಾವಿರ ಪೆಟ್ಟಿಗೆ ಅಣ್ಣಾ. ಇವತ್ತು ಎಷ್ಟು ಹೇರ್ತೀರ?"

ಅವರ ಹೊಲದಲ್ಲಿ ಆರುನೂರು ಪೆಟ್ಟಿಗೆಗೆ ಆಗುವಷ್ಟು ಕೋಸು ಇತ್ತು. ಉಳಿದದ್ದನ್ನು ಯೊನ್ಹ್ವಾ ಫೋನಿನಲ್ಲಿ ಹಗಲೂ ರಾತ್ರಿ ಮಾತಾಡಿ ಒಪ್ಪಿಕೊಂಡಿದ್ದಳು. ಅಕ್ಕಪಕ್ಕದ ಹೊಲದವರಿಗೂ ಗಂಡನ ಹೆಸರಿನಲ್ಲಿ ಮಾತು ಕೊಟ್ಟಿದ್ದಳು.

"ಯಾರನ್ನ ಕೇಳಿ ಒಪ್ಕೊಂಡೆ?" ತೇಗ್ಯು ಚೀಟಿಗಳ ಕಟ್ಟನ್ನು ಹೆಂಡತಿಯ ಮುಂದೆ ಹಿಡಿದ.

"ನಿಮ್ಮನ್ನ ಕೇಳಿದ್ರೆ ಇನ್ನೂ ಹತ್ತು ವರ್ಷ ಆರುನೂರೇ. ದೊಡ್ಡದಾಗಿ ಯೋಚ್ನೆ ಮಾಡೋಕೆ ಬರಲ್ಲ ನಿಮ್ಗೆ."

"ಯೊನ್ಹ್ವಾ, ಕೂತ್ಕೋ. ಒಂದ್ನಿಮಿಷ ಕೂತ್ಕೋ."

"ಕೂತ್ರೆ ಕೋಸು ಯಾರು ಮಗುಚ್ತಾರೆ? ನಿಮ್ಮಮ್ಮನಾ?" ಅವಳು ರಬ್ಬರ್ ಕೈಗವಸನ್ನು ಕಿತ್ತು ತೊಟ್ಟಿಗೆ ಎಸೆದಳು. "ಹದಿನೈದು ವರ್ಷ ನಾನು ಅಡುಗೆ ಕೋಣೆ ನೆಲದ ಮೇಲೆ ಕೂತು ಉಂಡಿದೀನಿ. ಯಾರಾದ್ರೂ ಒಂದಿನ, ಬಾ, ನಮ್ ಜೊತೆ ಕೂರು ಅಂದ್ರಾ? ನಮ್ಮಮ್ಮ ಸತ್ತಾಗ ಎರಡೇ ದಿನಕ್ಕೆ ವಾಪಸ್ ಕರೆಸಿದ್ರಿ, ಮೆಣಸಿನಕಾಯಿ ಒಣಗಿಸ್ಬೇಕಿತ್ತು ಅಂತ. ಈಗ ನಾನು ಎದ್ದು ನಿಂತಿದೀನಿ, ಈಗ್ಲೂ ಕೂತ್ಕೋ ಅಂತೀರಾ?"

ಅಂಗಳದಲ್ಲಿ ಲಾರಿಯವನು ಶೂ ನೋಡುತ್ತ ನಿಂತ. ಓಕ್‌ಬುನ್ ಕಂಬ ಹಿಡಿದು ನಿಂತಳು. ಆ ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಮಾತು ನಿಜ, ಆಡುತ್ತಿರುವ ಧ್ವನಿ ಮಾತ್ರ ಸೊಸೆಯದಲ್ಲ. ಅದೇ ಅವಳಿಗೆ ಹೆಚ್ಚು ಭಯ ತಂದದ್ದು.

ಬೇಲಿಯ ಆಚೆಯಿಂದ ಎಲ್ಲ ಕೇಳಿಸಿಕೊಂಡ ಗಪ್ಸುನ್ ಅಂದೇ ಸಂಜೆ ಬಂದಳು.

"ಅಕ್ಕ, ತಪ್ಪು ತಿಳ್ಕೋಬೇಡ. ಅವಳ ಕಣ್ಣು ನೋಡಿದೀಯಾ? ಅದು ದೇವರ ರೋಗ. ನನ್ನ ಚಿಕ್ಕಮ್ಮಂಗೆ ಹೀಗೇ ಶುರುವಾಗಿದ್ದು. ಮೊದ್ಲು ಮಲಗಿಸತ್ತೆ, ಆಮೇಲೆ ಕುಣಿಸತ್ತೆ. ಜಿಂದೋ ದ್ವೀಪದಲ್ಲಿ ಒಬ್ಳು ಒಳ್ಳೇ ಪೂಜಾರಿಣಿ ಇದಾಳೆ."

ಬೌದ್ಧ ಗುಡಿಯಲ್ಲಿ ಜಪಮಾಲೆ ಎಣಿಸುವ ಓಕ್‌ಬುನ್‌ಗೆ ಡೋಲಿನ ಪೂಜೆ ಹಿಡಿಸದು. ಆದರೂ ದೇವರ ರೋಗವೆಂದರೆ ಹುಚ್ಚಿಗಿಂತ ಮೇಲು, ಹೇಳಿಕೊಳ್ಳಬಹುದು. ತೇಗ್ಯುವಿನ ಮುಂದೆ ಮಾತು ತೆಗೆದಳು.

"ಬೇಡ," ಎಂದ ಅವನು.

"ಒಂದ್ಸಲ ತೋರ್ಸೋಣ."

"ಬೇಡಮ್ಮ. ದಿನಾ ಅವಳನ್ನ ನಮಗೆ ಬೇಕಾದ ಹೆಸ್ರಿಂದ ಕರೀತಿದೀವಿ. ಮಲಗಿದ್ರೆ ಸೋಮಾರಿ, ಎದ್ರೆ ಚಿನ್ನ, ಕೂಗಿದ್ರೆ ದೇವರು. ನಾಳೆ ದೊಡ್ಡಾಸ್ಪತ್ರೆಗೆ ಹೋಗೋಣ."

ಮೂಕಬಸವ ಎನಿಸಿಕೊಂಡ ಮಗ ಅಷ್ಟು ಮಾತಾಡಿದ್ದು ಅಪರೂಪ. ಆದರೆ ಮರುದಿನ ಬೆಳಿಗ್ಗೆ ಅವರು ಏಳುವಷ್ಟರಲ್ಲಿ ಯೊನ್ಹ್ವಾ ಇರಲಿಲ್ಲ, ಮನೆಯ ಸಣ್ಣ ಲಾರಿಯೂ ಇರಲಿಲ್ಲ.

ಹತ್ತು ಗಂಟೆಗೆ ಪೇಟೆಯಿಂದ ಫೋನು ಬಂತು, ತಾಯಿ ಮಗ ಕಾರು ಹತ್ತಿ ಹೋದರು. ಪೇಟೆಯ ಬಸ್ ನಿಲ್ದಾಣದ ಮುಂದೆ, ಸಂತೆಯ ಗಲಾಟೆಯ ನಡುವೆ ಲಾರಿ ಅಡ್ಡ ನಿಂತಿತ್ತು. ತೊಳೆಯದ ಕೋಸಿನಿಂದ ಉಪ್ಪುನೀರು ರಸ್ತೆಗೆ ಸುರಿಯುತ್ತಿತ್ತು. ಯೊನ್ಹ್ವಾ ಲಾರಿಯ ಮೇಲೆ ನಿಂತು ಹೋಗಿಬರುವವರ ತೋಳಿಗೆ ಕೋಸು ಹಾಕುತ್ತಿದ್ದಳು. ತಗೊಳ್ಳಿ, ನಮ್ಮ ಮನೆಯದು, ನಿಮ್ಮ ಮಕ್ಕಳಿಗೆ ಕೊಡಿ. ಹಲವರು ನಕ್ಕು ತೆಗೆದುಕೊಳ್ಳುತ್ತಿದ್ದರು, ಕೆಲವರು ಫೋನಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಇಬ್ಬನಿ ಹೆಪ್ಪುಗಟ್ಟಿದ ಆ ಬೆಳಿಗ್ಗೆ ಅವಳು ಬರಿಗಾಲಲ್ಲಿದ್ದಳು. ಉಪ್ಪಿಗೆ ಪಾದ ಬಿರಿದು ಕೆಂಪಾಗಿತ್ತು.

ಓಕ್‌ಬುನ್ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ತನ್ನ ತುಪ್ಪಳದ ಚಪ್ಪಲಿ ಬಿಚ್ಚಿ ಲಾರಿಯ ಅಂಚಿನ ಮೇಲಿಟ್ಟಳು.

"ಹಾಕ್ಕೋ. ಅದನ್ನ ಹಾಕ್ಕೊಂಡು ಆಮೇಲೆ ಹಂಚು. ನಾನೂ ಹಂಚ್ತೀನಿ."

ಅತ್ತೆ ಸೊಸೆ ಇಬ್ಬರೂ ಸೇರಿ ಕೊನೆಯ ಕೋಸಿನವರೆಗೆ ಹಂಚಿದರು. ಲಾರಿ ಖಾಲಿಯಾದ ಮೇಲೆ ಯೊನ್ಹ್ವಾ ಇನ್ನೇನು ಮಾಡಲಿ ಎಂಬಂತೆ ಸುತ್ತ ನೋಡಿದಳು. ಆಗ ತೇಗ್ಯು ಕಾರಿನ ಬಾಗಿಲು ತೆಗೆದ.

ನಗರದ ಆಸ್ಪತ್ರೆಯ ವೈದ್ಯೆ ಮೂವತ್ತೈದರ ಹೆಂಗಸು, ಕೂದಲನ್ನು ಪೆನ್ಸಿಲ್ಲಿನಿಂದ ಸಿಕ್ಕಿಸಿಕೊಂಡಿದ್ದಳು. ಅವಳ ಮುಂದೆ ಯೊನ್ಹ್ವಾ ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ತೇಗ್ಯುವಿಗೇ ತಾನು ತಪ್ಪು ಮಾಡಿದೆನೇನೋ ಅನ್ನಿಸಿತು. ಮಲಗಿದ್ದಾಗ ರೋಗ ಇತ್ತು, ಈಗ ವಾಸಿಯಾಗಿದೆ, ಮನೆಯವರಿಗೆ ತನ್ನ ಏಳಿಗೆ ನೋಡಲಾಗುತ್ತಿಲ್ಲ. ಇಲ್ಲಿ ಒಂದು ದಿನವೂ ಇರುವುದಿಲ್ಲ, ಎರಡು ಸಾವಿರ ಮನೆಯವರು ಕಾಯುತ್ತಿದ್ದಾರೆ.

ವೈದ್ಯೆ ಪೇಟೆಯ ಚೀಟಿ ಓದಿದಳು. "ಖಿನ್ನತೆಯ ಮಾತ್ರೆ ಕೆಲವ್ರಿಗೆ ಹೀಗೆ ಮೇಲೆ ಎಬ್ಬಿಸಿಬಿಡತ್ತೆ. ನಂಗೆ ಒಂದು ಗೊತ್ತಾಗ್ಬೇಕು. ಇದು ಮಾತ್ರೆಯಿಂದ ಮಾತ್ರ ಆಗಿದ್ದಾ, ಅಥವಾ ಮಾತ್ರೆ ಇಲ್ದಿದ್ದಾಗ್ಲೂ ಹಿಂದೆ ಆಗಿತ್ತಾ? ಮಲಗಿಸೋ ಕಾಯಿಲೆಲಿ ಎರಡು ಥರ ಇದೆ ಅಜ್ಜಿ. ಒಂದು ಬರೀ ಮಲಗಿಸತ್ತೆ. ಇನ್ನೊಂದು ಒಮ್ಮೆ ಮಲಗಿಸತ್ತೆ, ಒಮ್ಮೆ ಓಡಿಸತ್ತೆ. ಔಷಧಿ ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಕೊಟ್ರೆ ಮತ್ತೆ ಹೀಗೇ ಆಗತ್ತೆ, ಇದಕ್ಕಿಂತ ಜೋರಾಗೂ ಆಗ್ಬೋದು. ಹಿಂದಿನ ಚೀಟೀಲಿ, ಹಿಂದೆ ಇಂಥದ್ದು ಇಲ್ಲ ಅಂತ ಬರ್ದಿದೆ."

"ಇಲ್ಲ," ಎಂದಳು ಯೊನ್ಹ್ವಾ. "ನಾನು ಹಿಂದೆ ಹೀಗೆ ದುಡಿದಿದ್ದು ಒಂದೇ ಸಲ. ಅದು ರೋಗ ಅಲ್ಲ. ಬೇಕಾದ್ರೆ ನಮ್ಮತ್ತೇನ ಕೇಳಿ." ಅವಳು ಓಕ್‌ಬುನ್ ಕಡೆ ತಿರುಗಿದಳು. ಆ ಮುಖದಲ್ಲಿ ಅಷ್ಟು ಹೊತ್ತು ಇಲ್ಲದ ಒಂದು ನೆಮ್ಮದಿ ಬಂತು. "ಹೇಳಿ ಅತ್ತೆ. ಹದಿನೆಂಟು ದಿನ. ಊರ ಮುಂದೆ ಏನಂದ್ರಿ ನನ್ನ?"

ಕೋಣೆಯಲ್ಲಿ ಹೀಟರ್ ಗುಂಯ್ ಎನ್ನುತ್ತಿತ್ತು. ಓಕ್‌ಬುನ್ ಕೈಯಲ್ಲಿನ ಜಪಮಾಲೆಯನ್ನು ಒಂದು ಮಣಿ ದಾಟಿಸಿದಳು, ಮತ್ತೆ ಹಿಂದಕ್ಕೆ ತಂದಳು. ಸೊಸೆಗೆ ಈ ಹದಿನೈದು ವರ್ಷದಲ್ಲಿ ಅವಳು ಕೊಟ್ಟ ಒಡವೆ ಆ ಹೊಗಳಿಕೆಯೊಂದೇ. ನಿಜವನ್ನು ಮುಚ್ಚಿಟ್ಟರೆ ಸೊಸೆ ಇವತ್ತು ನಗುತ್ತ ಮನೆಗೆ ಬರುತ್ತಾಳೆ.

"ಆಗಿತ್ತು ಡಾಕ್ಟ್ರಮ್ಮ," ಎಂದಳು. "ಮೂರು ವರ್ಷದ ಹಿಂದೆ. ಆಗ ಯಾವ ಮಾತ್ರೇನೂ ಇರ್ಲಿಲ್ಲ. ಹದಿನೆಂಟು ದಿನ ಮಲಗ್ಲಿಲ್ಲ. ಉಣ್ಲಿಲ್ಲ ಸರಿಯಾಗಿ. ಮೂರು ಜನಕ್ಕೆ ಒಂದೇ ಸಲ ಮಾತಾಡ್ತಿದ್ಲು. ಕೊಟ್ಟಿಗೆಗೆ ಬಣ್ಣ ಬಳಿದ್ಲು, ಯಾರೂ ಕೇಳಿರ್ಲಿಲ್ಲ. ಆಮೇಲೆ ಒಂದು ತಿಂಗ್ಳು ಏಳ್ಲೇ ಇಲ್ಲ."

"ಪೇಟೆ ಡಾಕ್ಟ್ರು ಕೇಳಿದಾಗ?"

"ಕೇಳಿದ್ರು. ಇಲ್ಲ ಅಂದೆ. ಕೆಲಸ ಆಗ್ತಿತ್ತಲ್ಲ ತಾಯಿ. ಕೆಲಸ ಆಗ್ತಿದ್ರೆ ರೋಗ ಅಂತ ಯಾರಿಗೆ ಹೊಳೆಯತ್ತೆ? ನಾನದನ್ನ ಊರಿಗೆಲ್ಲ ಹೇಳ್ಕೊಂಡು ಮೆರೆದೆ." ಅವಳು ಸೊಸೆಯ ಕಡೆ ತಿರುಗಿದಳು. "ಅವತ್ತೂ ನೀನು ಹುಷಾರಿರ್ಲಿಲ್ಲ ಮಗಾ. ನಾನು ಹೊಗಳಿದ್ದು ನಿನ್ನ ರೋಗಾನ."

ಯೊನ್ಹ್ವಾ ಕೂಗಾಡಲಿಲ್ಲ. ಎರಡು ವಾರದಲ್ಲಿ ಮೊದಲ ಸಲ ಅವಳ ಕೈ ಮಡಿಲಲ್ಲಿ ಅಲುಗದೆ ಬಿದ್ದಿತು.

"ಅದೊಂದಿತ್ತು," ಎಂದಳು. "ಅದನ್ನೂ ಕಿತ್ಕೊಂಡ್ರಿ."

ನರ್ಸ್ ಬಂದಾಗ ಅವಳು ಎದ್ದು ಜೊತೆಯಲ್ಲಿ ನಡೆದಳು. ಬಾಗಿಲಲ್ಲಿ ತಿರುಗಿ ಗಂಡನಿಗೆ, ಬೋರಾಳ ಸ್ವೆಟರ್ ಒಗೆಯುವ ನೀರಲ್ಲಿ ನೆನೆಸಿಟ್ಟಿದೆ ಎಂದಳು. ಅತ್ತೆಯ ಕಡೆ ನೋಡಲಿಲ್ಲ.

ಐದು ವಾರ ಅವಳು ಆಸ್ಪತ್ರೆಯಲ್ಲಿದ್ದಳು. ಊರಿನಲ್ಲಿ ತೇಗ್ಯು ಮಿಕ್ಕ ಕೋಸಿನಲ್ಲಿ ಆದಷ್ಟು ಪೆಟ್ಟಿಗೆ ಕಳಿಸಿದ, ಉಳಿದವರಿಗೆ ಕ್ಷಮೆ ಕೇಳುವ ಮಾತನ್ನು ಬೋರಾ ಬರೆದಳು. "ನಮ್ಮ ಅಮ್ಮನಿಗೆ ಹುಷಾರಿಲ್ಲ" ಎಂದು ಬರೆಯಲೇ ಎಂದು ಅಪ್ಪನನ್ನು ಕೇಳಿದಾಗ ಉತ್ತರ ಕೊಟ್ಟದ್ದು ಓಕ್‌ಬುನ್: "ಬರಿ. ಇದ್ದದ್ದು ಬರಿ." ಮದುವೆಯ ಮಾತು ಈ ಸಲ ಎತ್ತಲಿಲ್ಲ. ಗಪ್ಸುನ್ ಬಂದು ಮನೆಯ ಕಿಮ್ಚಿಗೆ ಕೈಜೋಡಿಸಿದಳು. ಮಸಾಲೆ ಹಚ್ಚುತ್ತ ಮಧ್ಯೆ ಮಧ್ಯೆ ಜಿಂದೋದ ಪೂಜಾರಿಣಿಯ ಮಾತು ತೆಗೆದಳು, ಯಾರೂ ಬೆಳೆಸದಿದ್ದಾಗ ಬಿಟ್ಟಳು. ಭಾನುವಾರ ತೇಗ್ಯು ಮತ್ತು ಬೋರಾ ಆಸ್ಪತ್ರೆಗೆ ಹೋಗುತ್ತಿದ್ದರು. ಓಕ್‌ಬುನ್ ಕಟ್ಟಿಕೊಟ್ಟ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಅತ್ತೆ ಬರಲಿ ಎಂಬ ಮಾತು ಮಾತ್ರ ಒಂದು ವಾರವೂ ಬರಲಿಲ್ಲ.

"ಏನಾದ್ರೂ ಕೇಳಿದ್ಲಾ ನನ್ನ?" ಎಂದು ಪ್ರತಿ ಭಾನುವಾರ ಕೇಳುತ್ತಿದ್ದಳು.

"ಡಬ್ಬಿ ಮುಚ್ಚಳ ಸರಿಯಾಗಿ ಹಾಕಕ್ಕೆ ಹೇಳು ಅಂದ್ಲು," ಎಂದಳು ಬೋರಾ ಒಂದು ಭಾನುವಾರ. ಓಕ್‌ಬುನ್ ಆ ಮಾತನ್ನೇ ಎರಡು ದಿನ ಮೆಲುಕು ಹಾಕಿದಳು.

ಯೊನ್ಹ್ವಾ ಮನೆಗೆ ಬಂದದ್ದು ಹೊಲವೆಲ್ಲ ಬರಿದಾಗಿ ಹಿಮ ಕೂತಿದ್ದಾಗ. ಹೊಸ ಮಾತ್ರೆಗೆ ಊದಿಕೊಂಡಿದ್ದಳು, ಬೆರಳು ಸ್ವಲ್ಪ ನಡುಗುತ್ತಿತ್ತು. ಆ ಮಾತ್ರೆ ನುಂಗುವಾಗ ನೀರು ಚೆನ್ನಾಗಿ ಕುಡಿಯಬೇಕು, ಉಪ್ಪನ್ನು ಒಮ್ಮೆಲೇ ಬಿಡಬಾರದು, ರಕ್ತ ಪರೀಕ್ಷೆ ತಪ್ಪಿಸಬಾರದು ಎಂದು ತೇಗ್ಯು ಗೋಡೆಗೆ ಬರೆದು ಅಂಟಿಸಿದ. ಊಟದ ಮಣೆಗೆ ಈಗ ನಾಲ್ಕು ಬಟ್ಟಲು. ಬಿಸಿ ನೆಲದ ಜಾಗ ಯಾರೂ ಹೇಳದೆಯೇ ಅವಳದಾಯಿತು. ಅವಳು ಅಲ್ಲಿ ಕೂತು ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಅತ್ತೆಯ ಜೊತೆ ಅದಕ್ಕಿಂತ ಹೆಚ್ಚು ಮಾತಿಲ್ಲ. ಓಕ್‌ಬುನ್ ಆ ಮೌನದ ಸುತ್ತ ಬಟ್ಟೆ ಮಡಿಸುತ್ತ, ಪಾತ್ರೆ ಸರಿಸುತ್ತ, ಸುಮ್ಮಸುಮ್ಮನೆ ಬಾಗಿಲು ತೆಗೆದು ಹಾಕುತ್ತ ಓಡಾಡುತ್ತಿದ್ದಳು. ಬೆಳಗಿನ ನಮಸ್ಕಾರಗಳಲ್ಲಿ ಏನು ಕೇಳಬೇಕೆಂದು ತಿಳಿಯದೆ ಸುಮ್ಮನೆ ಅಡ್ಡಬೀಳುತ್ತಿದ್ದಳು.

ಒಂದು ಮಧ್ಯಾಹ್ನ ಸೋಯಾ ಕಾಳು ಆರಿಸುತ್ತ ಇಬ್ಬರೇ ಕೂತಿದ್ದಾಗ ಯೊನ್ಹ್ವಾ ತಾನಾಗಿ ಕೇಳಿದಳು.

"ಅತ್ತೆ. ಮಲಗಿದಾಗ ರೋಗ. ಓಡಿದಾಗ್ಲೂ ರೋಗ. ಮತ್ತೆ ನಾನು ಹುಷಾರಾಗಿದ್ದಿದ್ದು ಯಾವತ್ತು?"

ಓಕ್‌ಬುನ್ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಸುರಿದಳು.

"ಆಸ್ಪತ್ರೇಲಿ ದಿನಾ ಯೋಚ್ನೆ ಮಾಡ್ದೆ. ನಂಗೆ ಗೊತ್ತಾಗ್ಲಿಲ್ಲ. ನೋಡ್ತಿದ್ದೋರು ನೀವು. ಒಂದು ದಿನ ಹೇಳಿ ನೋಡೋಣ."

ಓಕ್‌ಬುನ್ ಹದಿನೈದು ವರ್ಷವನ್ನು ತಡಕಾಡಿದಳು. ಹೊಗಳಿದ ದಿನಗಳಲ್ಲಿ ಹುಡುಕಿದರೆ ಏನೂ ಸಿಗಲಿಲ್ಲ.

"ಬೋರಾ ಒಂದನೇ ಕ್ಲಾಸಿಗೆ ಸೇರಿದ ವರ್ಷ," ಎಂದಳು ಕೊನೆಗೆ. "ಎಳ್ಳು ಬಡಿಯೋ ದಿನ. ಊಟ ಆದ್ಮೇಲೆ ನೀನು ಜಗುಲಿ ಮೇಲೆ ನಿದ್ದೆ ಹೋಗ್ಬಿಟ್ಟಿದ್ದೆ. ಬಾಯಿ ತೆಗ್ದು. ನಾನು ಬಂದು ಬೈದೆ, ಎಳ್ಳು ಬಿಸಿಲಲ್ಲಿ ಉದುರ್ತಿದೆ, ಇವಳಿಗೆ ನಿದ್ದೆ ಅಂತ. ನೀನು ಎದ್ದು, ಬಂದೆ ಅತ್ತೆ ಅಂದೆ. ಕೆನ್ನೆ ತುಂಬ ಚಾಪೆ ಅಚ್ಚು. ಇಬ್ರೂ ಹೋಗಿ ಬಡಿದ್ವಿ, ಕತ್ಲಾಗೋಷ್ಟ್ರಲ್ಲಿ ಮುಗೀತು, ಬಂದು ಉಂಡ್ವಿ. ಅಷ್ಟೇ. ಅವತ್ತು ನೀನು ಹುಷಾರಾಗಿದ್ದೆ."

"ಅವತ್ತು ನೀವು ಬೈದ್ರಿ."

"ಹೂಂ. ಬೈದೆ."

"ಬರೀ ನಿದ್ದೆ ಮಾಡಿದ್ದಕ್ಕೆ."

"ಬರೀ ನಿದ್ದೆ ಮಾಡಿದ್ದಕ್ಕೆ." ಓಕ್‌ಬುನ್ ತಲೆ ತಗ್ಗಿಸಿದಳು. "ಅಂಥ ದಿನಗಳು ಬೇಕಾದಷ್ಟಿದಾವೆ ಮಗಾ. ನಾನು ಬೈದ ದಿನಗಳೆಲ್ಲ."

ಯೊನ್ಹ್ವಾ ಒಂದು ಕೊಳೆತ ಕಾಳನ್ನು ಆರಿಸಿ ಪಕ್ಕಕ್ಕಿಟ್ಟಳು. ನಡುಗುವ ಬೆರಳಿಗೆ ಅದನ್ನು ಹಿಡಿಯಲು ಎರಡು ಸಲ ಬೇಕಾಯಿತು. ಆಮೇಲೆ ಮೊರವನ್ನು ಅತ್ತೆಯ ಕಡೆ ಸ್ವಲ್ಪ ಸರಿಸಿದಳು.

"ಇನ್ನೊಂದು ಹೇಳಿ," ಎಂದಳು.

"ನೀನು ಸಾರಿಗೆ ಉಪ್ಪು ಹಾಕೋದೇ ಮರೆತಿದ್ದೆಯಲ್ಲ, ನಿಮ್ಮ ಮಾವನ ತಿಥಿ ದಿನ," ಎಂದು ಶುರುಮಾಡಿ, ಓಕ್‌ಬುನ್ ಮೊಣಕಾಲನ್ನು ಕೈಯಿಂದ ಎತ್ತಿ ಮಡಿಸಿಕೊಂಡು ಸರಿಯಾಗಿ ಕೂತಳು.